ಹಳಿ ಮೇಲೆ ಸೇತುವೆ ಇದೆ, ಇಳಿಯಲು ಮೆಟ್ಟಿಲಿಲ್ಲ: ಒಂದು ಪಾದಚಾರಿ ಸೇತುವೆಯ ಪ್ರಕರಣ

ಜಾಗದ ಹೆಸರು ಹೇಳುವುದಿಲ್ಲ. ಮುಂಬೈ ಮತ್ತು ಅದರ ಸುತ್ತಮುತ್ತ ಸೇರಿ ಒಂಬತ್ತು ಮಹಾನಗರ ಪಾಲಿಕೆಗಳಿವೆ, ಇದು ಅವುಗಳಲ್ಲಿ ಒಂದರ ಕಥೆ. ರೈಲು ಮಾರ್ಗ ಯಾವುದು ಅಂತಲೂ ಬರೆಯುವುದಿಲ್ಲ. ಜನರ ಗುರುತು ಸಿಗಬಾರದೆಂದು ಕೆಲವು ಸಣ್ಣ ವಿವರ ಬದಲಿಸಿದ್ದೇನೆ. ಕಾಗದಪತ್ರ ಯಾವ ಕ್ರಮದಲ್ಲಿ ಓಡಾಡಿತು ಅನ್ನುವುದನ್ನು ಮಾತ್ರ ಮುಟ್ಟಿಲ್ಲ.

ಹಿನ್ನೆಲೆ

ಇಲ್ಲಿನ ಎಲ್ಲ ಉಪನಗರಗಳ ಹಾಗೆ ಇದನ್ನೂ ಹಳಿ ಎರಡು ಮಾಡಿದೆ. ಈಸ್ಟಿನಲ್ಲಿ ಹಳೆಯ ಚಾಳುಗಳು (ಸಾಲುಕೋಣೆಗಳ ವಠಾರ), ಚಾಳು ಒಡೆದು ಎದ್ದ ಹೌಸಿಂಗ್ ಸೊಸೈಟಿಗಳು, ಬಾಡಿಗೆ ಕೋಣೆಗಳಲ್ಲಿ ಒಟ್ಟಿಗೆ ಇರುವ ಹೋಟೆಲ್ ಹುಡುಗರು. ವೆಸ್ಟಿನಲ್ಲಿ ಮಾರ್ಕೆಟ್, ದವಾಖಾನೆ, ಉಡುಪಿ ಹೋಟೆಲುಗಳು, ಪಾಲಿಕೆಯ ಶಾಲೆ. ಆ ಶಾಲೆಯ ಒಂದು ಮಹಡಿಯಲ್ಲಿ ಕನ್ನಡ ಮಾಧ್ಯಮದ ತರಗತಿಗಳು. ಕನ್ನಡದವರು ಎರಡೂ ಕಡೆ ಇದ್ದಾರೆ. ಕರಾವಳಿಯಿಂದ ಹೋಟೆಲ್ ಕೆಲಸಕ್ಕೆ ಬಂದವರು, ಗದಗ, ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ನಿಂತವರು, ಬ್ಯಾಂಕಿಗೆ ಅಂತ ಬಂದು ಇಲ್ಲೇ ನಿವೃತ್ತರಾದವರು. ಒಂದು ಚಿಕ್ಕ ಕನ್ನಡ ಸಂಘವೂ ಇದೆ. ರಾಜ್ಯೋತ್ಸವ, ಅರಿಶಿನ ಕುಂಕುಮ, ವರ್ಷಕ್ಕೊಂದು ತಾಳಮದ್ದಲೆ, ಅಷ್ಟರಲ್ಲೇ ಅದರ ಕೆಲಸ ಮುಗಿಯುತ್ತಿತ್ತು.

ಈ ಎರಡು ಕಡೆಗಳನ್ನು ಸೇರಿಸಿದ್ದು ಹಳಿಯ ಮೇಲಿನ ಒಂದು ಹಳೆಯ ಕಬ್ಬಿಣದ ಪಾದಚಾರಿ ಸೇತುವೆ. ಇದು ಸ್ಟೇಷನ್ನಿನದ್ದಲ್ಲ, ಸಾರ್ವಜನಿಕ ಸೇತುವೆ. ಸ್ಟೇಷನ್ ಇರುವುದು ಸುಮಾರು ದೂರ, ಅಲ್ಲಿನ ಸೇತುವೆ ಪ್ಲಾಟ್‌ಫಾರಂಗೆ ಇಳಿಯುತ್ತದೆ, ಟಿಕೆಟ್ ಇಲ್ಲದೆ ಹತ್ತಿದರೆ ಟಿಸಿ ಹಿಡಿಯುತ್ತಾರೆ. ಇನ್ನೊಂದು ದಾರಿ ಹಳಿಯ ಕೆಳಗಿನ ಸಬ್‌ವೇ. ಜೋರು ಮಳೆ ಬಂದರೆ ಅದರಲ್ಲಿ ಮೊಣಕಾಲು ನೀರು.

ಇದರ ಹಿಂದೆ ನಗರದ ದೊಡ್ಡ ಕಥೆಯೊಂದಿದೆ. 2017ರ ಸೆಪ್ಟೆಂಬರಿನಲ್ಲಿ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಮೆಟ್ಟಿಲಿನ ಮೇಲೆ ಕಾಲ್ತುಳಿತವಾಗಿ 23 ಜನ ಸತ್ತರು. ಮುಂದಿನ ವರ್ಷ ಜುಲೈಯಲ್ಲಿ ಅಂಧೇರಿಯ ಗೋಖಲೆ ಸೇತುವೆಯ ಫುಟ್‌ಪಾತ್ ಕುಸಿದು ಹಳಿಗೆ ಬಿತ್ತು. 2019ರ ಮಾರ್ಚ್ 14ರಂದು ಸಿಎಸ್‌ಎಂಟಿ ಸ್ಟೇಷನ್ ಪಕ್ಕದ ಹಿಮಾಲಯ ಪಾದಚಾರಿ ಸೇತುವೆ ಸಂಜೆಯ ಜನಜಂಗುಳಿಯಲ್ಲೇ ಬಿತ್ತು. ಅದಕ್ಕೆ ಸಣ್ಣಪುಟ್ಟ ರಿಪೇರಿ ಸಾಕು ಎಂದು ಆಡಿಟ್ ವರದಿ ಬಂದಿತ್ತು. ಆ ಮೇಲೆ ಯಾವ ಎಂಜಿನಿಯರ್ ತಾನೇ 'ಪರವಾಗಿಲ್ಲ' ಅಂತ ಸಹಿ ಹಾಕುತ್ತಾನೆ? ಹಳೆಯ ಸೇತುವೆಗಳನ್ನೆಲ್ಲ ಮತ್ತೆ ನೋಡಿದರು, ಒಂದೊಂದಾಗಿ ಮುಚ್ಚಿದರು. ನಮ್ಮದಕ್ಕೂ 2019ರ ಮಳೆಗಾಲಕ್ಕೆ ಮೊದಲು ತಗಡು ಬಡಿದು 'ಧೋಕಾದಾಯಕ್', ಅಂದರೆ ಅಪಾಯಕಾರಿ, ಎಂದು ಬೋರ್ಡ್ ಹಾಕಿದರು.

ಮುಚ್ಚಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ತುಕ್ಕು ಹಿಡಿದು ತೂತು ಬಿದ್ದ ಪ್ಲೇಟುಗಳನ್ನು ಎಲ್ಲರೂ ನೋಡಿದ್ದರು. ಮುಚ್ಚಿದ ದಿನವೇ ಹೊಸದರ ಲೆಕ್ಕ ಶುರುವಾಗಬೇಕಿತ್ತು, ಆಗಲಿಲ್ಲ. 2020ರಲ್ಲಿ ಲಾಕ್‌ಡೌನ್ ಬಂದು ಲೋಕಲ್ ರೈಲು ಕಡಿಮೆಯಾಗಿದ್ದಾಗ ಹಳೆಯ ಗರ್ಡರನ್ನು, ಅಂದರೆ ಹಳಿ ಮೇಲಿನ ಕಬ್ಬಿಣದ ತೊಲೆಯನ್ನು, ಇಳಿಸಿಬಿಟ್ಟರು. ಕೆಡವುವ ಕೆಲಸ ಮಾತ್ರ ಬಹಳ ಚುರುಕಾಗಿ ಮುಗಿಯಿತು. ಎರಡೂ ಕಡೆ ಅರ್ಧ ಮೆಟ್ಟಿಲಿನ ಮೋಟು ಉಳಿಯಿತು.

ಸಮಸ್ಯೆ

ಸೇತುವೆ ಇಲ್ಲದೇ ಹೋದರೆ ಸುತ್ತಿಕೊಂಡು ಹೋಗಬೇಕು, ಅಷ್ಟೇ ತಾನೇ ಅಂತ ದೂರದಿಂದ ಅನಿಸುತ್ತದೆ. ರಿಕ್ಷಾದಲ್ಲಿ ಹೋಗುವವರಿಗೆ ಅಷ್ಟೇ. ದಿನಾ ಎರಡು ಸಲ ಹೋಗಿ ಬರುವ ಹೋಟೆಲ್ ಹುಡುಗ ರಿಕ್ಷಾ ಹಿಡಿಯುವುದಿಲ್ಲ, ಅವನು ಹಳಿ ದಾಟುತ್ತಾನೆ. ರೈಲ್ವೆಯವರು ಕಂಪೌಂಡ್ ಗೋಡೆಯ ಕಿಂಡಿ ಮುಚ್ಚುತ್ತಾರೆ, ವಾರದೊಳಗೆ ಯಾರೋ ಮತ್ತೆ ಒಡೆಯುತ್ತಾರೆ. ಈಸ್ಟಿನ ತಾಯಂದಿರು ಚಿಕ್ಕ ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸಿ ಹತ್ತಿರದ ಮರಾಠಿ, ಇಂಗ್ಲಿಷ್ ಶಾಲೆಗಳಿಗೆ ಹಾಕಿದರು. ಮೊದಲೇ ಮಕ್ಕಳು ಕಡಿಮೆಯಾಗುತ್ತಿದ್ದ ತರಗತಿಗಳಿಗೆ ಇದು ದೊಡ್ಡ ಏಟು. ಸಂಘದವರು ಕೆಲವರಿಂದ ದುಡ್ಡು ಕೂಡಿಸಿ ಮಕ್ಕಳಿಗೆ ಒಂದು ವ್ಯಾನ್ ಹಾಕಿಸಿದರು. ಸುಮಾರು ಒಂದು ವರ್ಷ ಓಡಿತು, ಆಮೇಲೆ ವಂತಿಗೆ ಕೊಡುವವರು ಸುಸ್ತಾದರು.

ಒಂದು ರಾತ್ರಿ ಹೋಟೆಲ್ ಮುಚ್ಚಿ ಕೋಣೆಗೆ ಹೊರಟಿದ್ದ ಹುಡುಗನೊಬ್ಬ ಹಳಿ ದಾಟುವಾಗ ರೈಲಿಗೆ ಸಿಕ್ಕಿ ಹೋದ. ಕುಂದಾಪುರ ಕಡೆಯವನು, ವಯಸ್ಸು ಇಪ್ಪತ್ತೂ ಇರಲಿಲ್ಲ. ಅವನ ಮಾಲೀಕರು ಅಲ್ಲಿಯವರೆಗೆ ಸಂಘಕ್ಕೆ ಚಂದಾ ಕೊಟ್ಟು ಸುಮ್ಮನಿರುತ್ತಿದ್ದವರು. ಅವರನ್ನು ಇಲ್ಲಿ ಶೆಟ್ಟರು ಅಂತಲೇ ಕರೆಯುತ್ತೇನೆ. ಹೆಣವನ್ನು ಊರಿಗೆ ಕಳಿಸಿ ಬಂದ ಮೇಲೆ ಅವರು ಸಂಘದ ಸಭೆಗೆ ಬಂದು ಕೂತರು.

ಆ ಸಭೆಯಲ್ಲಿ ಹುಡುಗರು ರೈಲು ರೋಕೋ ಮಾಡೋಣ ಅಂದರು. ಸಿಟ್ಟು ಸಹಜವೇ. ಆಗ ಸಂಘದ ಕಾರ್ಯದರ್ಶಿ, ನಿವೃತ್ತ ಬ್ಯಾಂಕ್ ಅಧಿಕಾರಿ, ಒಂದು ವಿಷಯ ತೆಗೆದರು. ರೈಲು ತಡೆದರೆ ರೈಲ್ವೆ ಕಾಯ್ದೆಯ 174ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಜೈಲು ಆಗಬಹುದು. ಕೇಸು ಬಿದ್ದರೆ ಯಾರ ಮೇಲೆ? ಮುಂದೆ ನಿಂತ ಹತ್ತು ಹುಡುಗರ ಮೇಲೆ. ನಾಳೆ ಗಲ್ಫಿಗೆ ಹೋಗುತ್ತೇನೆ ಅಂತ ಪಾಸ್‌ಪೋರ್ಟಿಗೆ ಹಾಕಿದರೆ ಪೊಲೀಸ್ ವೆರಿಫಿಕೇಶನ್ನಿನಲ್ಲಿ ಅದು ಬರುತ್ತದೆ. ಶೆಟ್ಟರೂ ಬೇಡ ಅಂದರು. ರೋಕೋ ಬಿಟ್ಟರು. ಆ ದಿನ ಇದನ್ನು ಹೇಡಿತನ ಅಂದವರೂ ಇದ್ದರು. ನನ್ನ ಲೆಕ್ಕದಲ್ಲಿ ಅದು ಸರಿಯಾದ ನಿರ್ಧಾರ. ಯಾಕೆಂದರೆ ರೈಲು ನಿಲ್ಲಿಸಿ ಏನು ಕೇಳಬೇಕು ಅನ್ನುವುದೇ ಆಗ ಯಾರಿಗೂ ಗೊತ್ತಿರಲಿಲ್ಲ. 'ಸೇತುವೆ ಕೊಡಿ' ಅನ್ನಬಹುದಿತ್ತು. ಅವರು 'ಕೊಡುತ್ತೇವೆ' ಅನ್ನುತ್ತಿದ್ದರು, ಮುಗಿಯಿತು.

ಮೊದಲು ಮಾಡಿದ್ದು, ಅದರಿಂದ ಆಗದೇ ಇದ್ದದ್ದು

ಎಲ್ಲರೂ ಮಾಡುವುದನ್ನೇ ಮಾಡಿದರು. ಸಹಿ ಸಂಗ್ರಹ, ಸಂಘದ ಲೆಟರ್‌ಹೆಡ್ಡಿನಲ್ಲಿ ಇಂಗ್ಲಿಷ್ ಪತ್ರ, ನಗರಸೇವಕರಿಗೊಂದು (ವಾರ್ಡಿನ ಕಾರ್ಪೊರೇಟರ್), ಶಾಸಕರಿಗೊಂದು, ಸಂಸದರಿಗೊಂದು ಪ್ರತಿ. ವಾರ್ಡ್ ಆಫೀಸಿನ ಇನ್ವರ್ಡ್ ಕೌಂಟರಿನಲ್ಲಿ ಕೊಟ್ಟು ಸೀಲ್ ಹಾಕಿಸಿಕೊಂಡು ಬರುವುದು, ಆ ಸೀಲನ್ನೇ ಕೆಲಸ ಆದ ಹಾಗೆ ಫೈಲಿಗೆ ಹಾಕುವುದು. ಉತ್ತರ ಬಂದಾಗಲೆಲ್ಲ ಅದೇ ಸಾಲು: ವಿಷಯ ಪ್ರಕ್ರಿಯೆಯಲ್ಲಿದೆ.

2022ರ ಶುರುವಿನಲ್ಲಿ ಭೂಮಿಪೂಜೆಯೂ ಆಯಿತು. ಬ್ಯಾನರ್, ತೆಂಗಿನಕಾಯಿ, ಪೇಡಾ, ಫೋಟೋ. ಸಂಘದವರೂ ಹಾರ ಹಿಡಿದು ಹೋದರು. 'ಹದಿನೆಂಟು ತಿಂಗಳು' ಎಂದು ಭಾಷಣದಲ್ಲಿ ಹೇಳಿದರು. ಅದಾಗಿ ಸ್ವಲ್ಪ ದಿನಕ್ಕೇ ಪಾಲಿಕೆಯ ಅವಧಿ ಮುಗಿಯಿತು. 2020ರಿಂದ 2022ರೊಳಗೆ ಈ ಒಂಬತ್ತೂ ಪಾಲಿಕೆಗಳ ಅವಧಿ ಒಂದೊಂದಾಗಿ ಮುಗಿದು, ವಾರ್ಡ್ ಗಡಿ ಮತ್ತು ಒಬಿಸಿ ಮೀಸಲಾತಿಯ ಜಗಳ ಕೋರ್ಟಿನಲ್ಲಿ ಕೂತು, ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಆಡಳಿತಾಧಿಕಾರಿ ಬಂದರು. ನಗರಸೇವಕರು ಒಳ್ಳೆಯವರೋ ಕೆಟ್ಟವರೋ, ಬೆಳಿಗ್ಗೆ ಹೋಗಿ ಬಾಗಿಲು ಬಡಿಯಲು ಒಂದು ಮನೆಯಾದರೂ ಇತ್ತು. ಆಗ ಅದೂ ಇಲ್ಲವಾಯಿತು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಕನ್ನಡದವರು ಇದನ್ನು ಜೋರಾಗಿ ಹೇಳುವುದಿಲ್ಲ. ಸಂಘದ ಹೆಸರಿನಲ್ಲಿ ಪತ್ರ ಕೊಟ್ಟಾಗ ಕೆಲವರು ಇದನ್ನು 'ಸೌತ್‌ನವರ ಬೇಡಿಕೆ' ಅಂತ ನೋಡಿದರು. ನಿಜ ಏನೆಂದರೆ ಸೇತುವೆ ಹತ್ತುವವರಲ್ಲಿ ಜಾಸ್ತಿ ಜನ ಮರಾಠಿಯವರು, ಆಮೇಲೆ ಉತ್ತರ ಪ್ರದೇಶದವರು, ನಾವು ಮೂರನೆಯವರು. ಈಸ್ಟಿನ ಗಣೇಶೋತ್ಸವ ಮಂಡಳದವರು ತಮ್ಮಷ್ಟಕ್ಕೆ ಬೇರೆ ಪತ್ರ ಬರೆಯುತ್ತಿದ್ದರು, ಒಂದು ಸೊಸೈಟಿಯವರು ಇನ್ನೊಂದು. ಮೂರು ಪತ್ರ, ಮೂರು ಫೈಲು. ಯಾರ ಹತ್ತಿರವೂ ಪೂರ್ತಿ ಕಥೆ ಇಲ್ಲ. ಸಂಘದೊಳಗೆ ಸ್ವಲ್ಪ ಮುನಿಸು ಆಯಿತು, 'ಓಡಾಡಿದ್ದು ನಾವು, ಹೆಸರು ಅವರಿಗೆ' ಅಂತ. ಕೊನೆಗೆ ಸಂಘದ ಲೆಟರ್‌ಹೆಡ್ ಬಿಟ್ಟರು. ಎರಡೂ ಕಡೆಯ ಸೊಸೈಟಿಗಳು, ಮಂಡಳ, ಸಂಘ ಸೇರಿ ಮರಾಠಿಯಲ್ಲಿ ಒಂದೇ ಪತ್ರ ಅಂತ ಗೊತ್ತು ಮಾಡಿದರು. ಪತ್ರ ಬರೆಯಲು ಸಿಕ್ಕಿದ್ದು ಸಿಎ ಓದುತ್ತಿದ್ದ ಒಬ್ಬ ಹುಡುಗಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಆಫೀಸಿನ ಮರಾಠಿ ಅವಳಿಗೆ ಸಲೀಸು.

ಕಥೆ ತಿರುಗಿದ್ದು ಇಲ್ಲಿ

ಮಾಹಿತಿ ಹಕ್ಕಿನ ಅರ್ಜಿ ಮೊದಲು ಹಾಕಿದವರು ಕಾರ್ಯದರ್ಶಿಗಳು. ಮೂರು ಪುಟ ಬರೆದಿದ್ದರು, ಅರ್ಧ ಪ್ರಶ್ನೆ, ಅರ್ಧ ನೋವು. ಅದು ವಾಪಸ್ ಬಂತು. ಮಹಾರಾಷ್ಟ್ರದ ನಿಯಮದಲ್ಲಿ ಆರ್‌ಟಿಐ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಕೇಂದ್ರದ ನಿಯಮದಲ್ಲಿ 500 ಪದ. ಈ ವ್ಯತ್ಯಾಸ ತುಂಬಾ ಜನರಿಗೆ ಗೊತ್ತಿಲ್ಲ.

ಆ ಹುಡುಗಿ ಅರ್ಜಿ ಓದಿ ಹೇಳಿದ ಮಾತು ಇದು: "ಮಾಮ, ನೀವು ಯಾವಾಗ ಆಗುತ್ತೆ, ಯಾಕೆ ಆಗಿಲ್ಲ ಅಂತ ಕೇಳಿದ್ದೀರಿ. ಅದು ಯಾವ ಕಾಗದದಲ್ಲೂ ಬರೆದಿರೋದಿಲ್ಲ. ಫೈಲ್ ಈಗ ಯಾರ ಟೇಬಲ್ ಮೇಲಿದೆ, ಕೊನೆಯ ಪತ್ರ ಯಾವ ತಾರೀಕಿನದು, ಯಾರು ಯಾರಿಗೆ ಬರೆದದ್ದು, ಅದಕ್ಕೆ ಉತ್ತರ ಹೋಗಿದೆಯಾ, ಅಷ್ಟೇ ಕೇಳೋಣ."

ಕಾಯ್ದೆಯಲ್ಲಿ ಸಿಗುವುದು ಕಚೇರಿಯಲ್ಲಿ ಇರುವ ದಾಖಲೆ, ಅಭಿಪ್ರಾಯ ಅಲ್ಲ. ಹಾಗಾಗಿ ಅವಳು ಹೇಳಿದ್ದು ಕಾನೂನಿನ ಪ್ರಕಾರವೂ ಸರಿ. ಅವಳು ಇನ್ನೊಂದು ಜಾಣತನ ಮಾಡಿದಳು. ಅದೇ ಪ್ರಶ್ನೆಗಳನ್ನು ಅದೇ ದಿನ ಪಾಲಿಕೆಗೊಂದು, ರೈಲ್ವೆಗೊಂದು ಹಾಕಿಸಿದಳು. ಪಾಲಿಕೆಗೆ 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್, ರೈಲ್ವೆಗೆ ಕೇಂದ್ರದ ಆರ್‌ಟಿಐ ಪೋರ್ಟಲ್ ಮೂಲಕ. ಒಟ್ಟು ಖರ್ಚು ಒಂದು ಕಟಿಂಗ್ ಚಹಾದಷ್ಟು.

ರೈಲ್ವೆಯ ಉತ್ತರ 30 ದಿನದೊಳಗೆ ಬಂತು. ಪಾಲಿಕೆಯದ್ದು ಬರಲಿಲ್ಲ, ಮೊದಲ ಮೇಲ್ಮನವಿ ಹಾಕಿದ ಮೇಲೆ ಬಂತು. ಎರಡನ್ನೂ ಶೆಟ್ಟರ ಹೋಟೆಲಿನ ಟೇಬಲ್ ಮೇಲೆ ಪಕ್ಕಪಕ್ಕ ಇಟ್ಟು ಓದಿದರು. ಪಾಲಿಕೆ ಹೇಳಿತ್ತು: ನಕ್ಷೆಯನ್ನು ರೈಲ್ವೆಗೆ ಕಳಿಸಿದ್ದೇವೆ, ಒಪ್ಪಿಗೆ ಬಾಕಿ. ರೈಲ್ವೆ ಹೇಳಿತ್ತು: ನಕ್ಷೆಯನ್ನು ಆಕ್ಷೇಪ ಬರೆದು ಪಾಲಿಕೆಗೆ ವಾಪಸ್ ಕಳಿಸಿದ್ದೇವೆ, ತಿದ್ದಿದ ನಕ್ಷೆ ಬಂದಿಲ್ಲ. ವಾಪಸ್ ಕಳಿಸಿದ ತಾರೀಕು ನೋಡಿದರೆ ಒಂದು ವರ್ಷಕ್ಕಿಂತ ಹಿಂದಿನದು. ಇನ್ನೂ ತಮಾಷೆ ಏನೆಂದರೆ, ಭೂಮಿಪೂಜೆ ಆದ ದಿನ ಆ ನಕ್ಷೆ ಒಪ್ಪಿಗೆಯೇ ಆಗಿರಲಿಲ್ಲ. ತೆಂಗಿನಕಾಯಿ ಒಡೆದದ್ದು ಯಾವ ಸೇತುವೆಗೆ ಅಂತ ದೇವರಿಗೇ ಗೊತ್ತು.

"ಇಷ್ಟು ವರ್ಷ ನಾವು ಗುದ್ದಿದ್ದು ಯಾವ ಬಾಗಿಲು ಮಾರಾಯ್ರೇ?" ಅಂದರಂತೆ ಶೆಟ್ಟರು.

ನಕ್ಷೆ ಯಾಕೆ ವಾಪಸ್ ಬಂತು

ಇದು ಸ್ವಲ್ಪ ತಾಂತ್ರಿಕ ವಿಷಯ. ಆದರೂ ಹಳಿ ಮೇಲೆ ಸೇತುವೆ ಬೇಕು ಅನ್ನುವ ಯಾರೇ ಆದರೂ ತಿಳಿದಿರಬೇಕು.

ಹಳಿ ಮೇಲಿನ ಭಾಗ ರೈಲ್ವೆಯ ಜಾಗ, ಎರಡೂ ಕಡೆಯ ಮೆಟ್ಟಿಲು ಪಾಲಿಕೆಯ ಜಾಗ. ಇಂಥ ಸೇತುವೆಯನ್ನು ಸಾಮಾನ್ಯವಾಗಿ 'ಡಿಪಾಸಿಟ್ ವರ್ಕ್' ಅಂತ ಮಾಡುತ್ತಾರೆ. ಪಾಲಿಕೆ ದುಡ್ಡು ಕಟ್ಟುತ್ತದೆ, ಹಳಿ ಮೇಲಿನ ಭಾಗವನ್ನು ರೈಲ್ವೆ ಮಾಡುತ್ತದೆ. ಅದಕ್ಕೆ ಮೊದಲು ಜಿಎಡಿ ಅನ್ನುವ ಒಟ್ಟು ನಕ್ಷೆಗೆ ರೈಲ್ವೆಯ ಹಲವು ವಿಭಾಗಗಳು ಸಹಿ ಹಾಕಬೇಕು. ಸಿಗ್ನಲ್‌ನವರು, ವಿದ್ಯುತ್‌ನವರು, ಎಂಜಿನಿಯರಿಂಗ್‌ನವರು. ಒಬ್ಬರು ಪ್ರಶ್ನೆ ಎತ್ತಿದರೂ ಫೈಲು ಹಿಂದೆ.

ನಮ್ಮ ನಕ್ಷೆಯಲ್ಲಿ ತಪ್ಪಾದದ್ದು ಎತ್ತರ. ಮುಂಬೈ ಲೋಕಲ್ 1925ರಿಂದ ಓಡಿದ್ದು 1500 ವೋಲ್ಟ್ ಡಿಸಿ ವಿದ್ಯುತ್ತಿನಲ್ಲಿ. ಆಮೇಲೆ ಹಂತ ಹಂತವಾಗಿ 25,000 ವೋಲ್ಟ್ ಎಸಿಗೆ ಬದಲಾಯಿತು, 2016ರ ಹೊತ್ತಿಗೆ ಮುಗಿಯಿತು. ವೋಲ್ಟೇಜ್ ಹೆಚ್ಚಿದರೆ ತಂತಿಗೂ ಸೇತುವೆಗೂ ನಡುವೆ ಅಂತರ ಹೆಚ್ಚು ಬೇಕು. ಹೊಸ ಸೇತುವೆ ಹಳಿಯಿಂದ ಸುಮಾರು 6.5 ಮೀಟರ್ ಮೇಲೆ ಇರಬೇಕು, ಹಳೆಯದು ಅಷ್ಟು ಎತ್ತರ ಇರಲಿಲ್ಲ. ಪಾಲಿಕೆಯ ಸಲಹೆಗಾರರು ಹಳೆಯ ಸೇತುವೆಯ ಅಳತೆಯನ್ನೇ ಎತ್ತಿ ನಕ್ಷೆಗೆ ಹಾಕಿದ್ದರು.

ಎತ್ತರ ಹೆಚ್ಚಿಸಿದರೆ ಮೆಟ್ಟಿಲು ಹೆಚ್ಚು. ಮೆಟ್ಟಿಲು ಹೆಚ್ಚಾದರೆ ಅದು ನೆಲ ಮುಟ್ಟುವ ಜಾಗ ಇನ್ನೂ ದೂರ ಹೋಗುತ್ತದೆ. ವೆಸ್ಟಿನಲ್ಲಿ ಆ 'ಇನ್ನೂ ದೂರ' ಅಂದರೆ ಫುಟ್‌ಪಾತಿನ ಮೇಲಿನ ಮೂರು ಅಂಗಡಿ. ಪಾಲಿಕೆಯ ಎಂಜಿನಿಯರಿಗೆ ಇದು ಗೊತ್ತಿತ್ತು. ಅಂಗಡಿ ಎಬ್ಬಿಸುವ ತಲೆನೋವು ಯಾರಿಗೆ ಬೇಕು ಅಂತ ನಕ್ಷೆಯನ್ನು ತಿದ್ದದೆ ಇಟ್ಟುಕೊಂಡಿದ್ದರು. ಇದು ನನ್ನ ಊಹೆ ಅಲ್ಲ. ಕಾರ್ಯದರ್ಶಿಗಳು ಆರ್‌ಟಿಐ ಕಾಯ್ದೆಯಲ್ಲಿ ಫೈಲನ್ನೇ ನೋಡಲು ಕೇಳಿ, ಆಫೀಸಿನಲ್ಲಿ ಕೂತು ಪುಟ ತಿರುಗಿಸಿದಾಗ ಟಿಪ್ಪಣಿಯಲ್ಲಿ ಅದು ಸಿಕ್ಕಿತು. ಪುಟಕ್ಕೆ 2 ರೂಪಾಯಿ ಕೊಟ್ಟು ಪ್ರತಿ ತಂದರು. ಉತ್ತರ ಕೇಳುವುದಕ್ಕಿಂತ ಫೈಲ್ ನೋಡಲು ಕೇಳುವುದೇ ಮೇಲು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಉತ್ತರದಲ್ಲಿ ಒಂದು ಸಾಲು ಬರುತ್ತದೆ, ಫೈಲಿನಲ್ಲಿ ಯಾರು ಯಾಕೆ ಹಿಂಜರಿದರು ಅನ್ನುವುದು ಇರುತ್ತದೆ.

ಮೂರು ಅಂಗಡಿಯಲ್ಲಿ ಒಂದು ನಮ್ಮವರದ್ದು

ಆ ಮೂರರಲ್ಲಿ ಒಂದು ಇಡ್ಲಿ ಗಾಡಿ. ನಡೆಸುವವರು ಗದಗ ಕಡೆಯ ದಂಪತಿ, ಬೆಳಿಗ್ಗೆ ಐದಕ್ಕೆ ಶುರು, ಹತ್ತಕ್ಕೆ ಮುಗಿಸುತ್ತಾರೆ. ಸಂಘದ ಸಹಿ ಸಂಗ್ರಹದಲ್ಲಿ ಮೊದಲ ಪುಟದಲ್ಲೇ ಅವರ ಸಹಿ ಇದೆ! ಸೇತುವೆ ಬಂದರೆ ಗಿರಾಕಿ ಜಾಸ್ತಿ ಆಗುತ್ತಾರೆ ಅಂತ ಹಾಕಿದ್ದು. ಮೆಟ್ಟಿಲು ತಮ್ಮ ಗಾಡಿಯ ಮೇಲೇ ಇಳಿಯುತ್ತದೆ ಅಂತ ಗೊತ್ತಾದಾಗ ಆತ ಶೆಟ್ಟರ ಹೋಟೆಲಿಗೆ ಬಂದು, "ಶೆಟ್ರ, ನೀವ ದೊಡ್ಡ ಮಂದಿ, ನಮ್ಮ ಹೊಟ್ಟಿ ಮ್ಯಾಲ ಕಲ್ಲ ಹಾಕಬ್ಯಾಡ್ರಿ" ಅಂದ.

ಸೊಸೈಟಿಗಳ ಕೆಲವರಿಗೆ ಇದು ಸುಲಭದ ಲೆಕ್ಕ: ಅತಿಕ್ರಮಣ, ಪಾಲಿಕೆಗೆ ದೂರು ಕೊಡಿ, ಅವರ ಲಾರಿ ಬಂದು ಎತ್ತಿಕೊಂಡು ಹೋಗುತ್ತದೆ. ಸಂಘದೊಳಗೇ ಎರಡು ಮಾತಾಯಿತು. ಇಡ್ಲಿಯ ವಿಷಯದಲ್ಲಿ ಶೆಟ್ಟರೂ ಆತನೂ ಎದುರಾಳಿಗಳು ಅನ್ನುವುದನ್ನು ಮರೆಯಬೇಡಿ. ಗಾಡಿ ಎಬ್ಬಿಸಿದರೆ ಶೆಟ್ಟರಿಗೆ ಲಾಭ ಅಂತ ಜನ ಆಡಿಕೊಳ್ಳುವುದು ಖಂಡಿತ. ಅದಕ್ಕೇ ಇರಬೇಕು, ಶೆಟ್ಟರು ಇದರಲ್ಲಿ ಬಹಳ ಹುಷಾರಾಗಿ ಹೆಜ್ಜೆ ಇಟ್ಟರು.

ದಾರಿ ಸಿಕ್ಕಿದ್ದು 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ. ಸ್ಥಳಾಂತರ ಮಾಡುವ ಮೊದಲು 30 ದಿನದ ನೋಟಿಸ್ ಕೊಡಬೇಕು ಎಂದು ಅದರಲ್ಲಿದೆ. ಮೂವರಲ್ಲಿ ಇಬ್ಬರ ಹತ್ತಿರ ಹಿಂದೆ ನಡೆದ ವ್ಯಾಪಾರಿಗಳ ಸಮೀಕ್ಷೆಯ ಚೀಟಿ ಇತ್ತು. ಇಡ್ಲಿಯವನ ಹತ್ತಿರ ಅದು ಪ್ಲಾಸ್ಟಿಕ್ ಕವರಿನಲ್ಲಿ ಗಣಪತಿ ಫೋಟೋದ ಹಿಂದೆ ಇತ್ತು. ಮೂರನೆಯವನು ಆಗಷ್ಟೇ ಒಬ್ಬರಿಂದ ಜಾಗ 'ಕೊಂಡವನು', ಅವನ ಹತ್ತಿರ ಏನೂ ಇಲ್ಲ. ಜಂಟಿ ಪತ್ರದಲ್ಲಿ ಹೀಗೆ ಬರೆದರು: ಮೆಟ್ಟಿಲಿಗೆ ಜಾಗ ಬೇಕು, ಆದರೆ ಈ ವ್ಯಾಪಾರಿಗಳಿಗೆ ಅದೇ ಬೀದಿಯ ಎದುರು ಬದಿಯಲ್ಲಿ ಜಾಗ ಗುರುತಿಸಿ, ನೋಟಿಸ್ ಕೊಟ್ಟು ಸ್ಥಳಾಂತರಿಸಿ. ಎದುರು ಬದಿ ಒಂದು ಸೊಸೈಟಿಯ ಕಂಪೌಂಡ್ ಗೋಡೆ, ಅವರು ಹೊಗೆ ಬರುತ್ತದೆ ಅಂತ ತಕರಾರು ತೆಗೆದರು. ಅವರನ್ನು ಒಪ್ಪಿಸಿದ್ದು ಗಣೇಶ ಮಂಡಳದ ಅಧ್ಯಕ್ಷರು, ಮಾತಿನಲ್ಲೋ ಹಕ್ಕಿನಲ್ಲೋ ನನಗೆ ಗೊತ್ತಿಲ್ಲ. ಇಬ್ಬರು ಎದುರಿಗೆ ಹೋದರು. ಚೀಟಿ ಇಲ್ಲದ ಮೂರನೆಯವನು ಹೊರಟುಹೋದ. ಅವನಿಗೆ ನ್ಯಾಯ ಆಯಿತು ಅಂತ ನಾನು ಹೇಳಲಾರೆ.

ರ‍್ಯಾಂಪ್ ಜಗಳ

ಜಾಗ ಸಿಕ್ಕಿತು ಅನ್ನುವಾಗ ಒಳಜಗಳ ಎದ್ದಿತು. ಹಿರಿಯರು ರ‍್ಯಾಂಪ್ ಬೇಕು ಅಂದರು. ಒಂದು ಮನೆಯಲ್ಲಿ ಗಾಲಿಕುರ್ಚಿಯಲ್ಲಿ ಓಡಾಡುವ ಮಗನಿದ್ದಾನೆ, ಅವನ ತಾಯಿ ಅದಕ್ಕಾಗಿ ತುಂಬಾ ವಾದ ಮಾಡಿದರು. ಬೇಡಿಕೆ ನ್ಯಾಯದ್ದೇ. ಆದರೆ ಗಾಲಿಕುರ್ಚಿ ಹತ್ತುವ ರ‍್ಯಾಂಪಿಗೆ ಒಂದಕ್ಕೆ ಹನ್ನೆರಡು ಇಳಿಜಾರು ಬೇಕು. ಏಳು ಮೀಟರ್ ಏರಲು 84 ಮೀಟರ್ ಉದ್ದ, ನಡುವೆ ನಿಲ್ಲುವ ಜಾಗ ಬೇರೆ. ವೆಸ್ಟಿನ ಆ ಗಲ್ಲಿಯಲ್ಲಿ ಅದು ಆಗದ ಮಾತು. ಉಳಿದದ್ದು ಲಿಫ್ಟ್.

ಪಾಲಿಕೆ, ರೈಲ್ವೆ ಎರಡೂ ಕಡೆಯವರು ಒಟ್ಟಿಗೆ ಬಂದು ಜಾಗ ನೋಡಿದ ಜಾಯಿಂಟ್ ವಿಸಿಟ್‌ನಲ್ಲಿ ಪಾಲಿಕೆಯ ಎಂಜಿನಿಯರು ಸ್ಪಷ್ಟವಾಗಿ ಹೇಳಿದರು. ಲಿಫ್ಟ್ ಸೇರಿಸಿದರೆ ಅಂದಾಜು ಪಟ್ಟಿ ಬದಲಾಗುತ್ತದೆ, ಮಂಜೂರಾತಿ ಮತ್ತೆ ಮೊದಲಿಂದ. ಈಗ ಮೆಟ್ಟಿಲು ಮಾಡಿ, ಲಿಫ್ಟಿಗೆ ಗುಂಡಿ ಮತ್ತು ಜಾಗ ಬಿಡೋಣ, ಲಿಫ್ಟ್ ಮುಂದಿನ ಹಂತದಲ್ಲಿ. ಗುಂಪು ಮತ ಹಾಕಿತು, 'ಮೊದಲು ಮೆಟ್ಟಿಲು' ಗೆದ್ದಿತು. ಆ ತಾಯಿ ಅಂದಿನಿಂದ ಸಭೆಗೆ ಬರುವುದನ್ನು ಬಿಟ್ಟರು.

ಈ ನಿರ್ಧಾರದ ಬಗ್ಗೆ ನನಗೆ ಸಮಾಧಾನ ಇಲ್ಲ. ನಕ್ಷೆ ಹೇಗೂ ತಿದ್ದಿ ಹೊಸದಾಗಿ ಹೋಗಬೇಕಿತ್ತು, ದರಪಟ್ಟಿ ಬದಲಾಗಿದ್ದರಿಂದ ಅಂದಾಜು ಹೇಗೂ ಮತ್ತೆ ಮಾಡಬೇಕಿತ್ತು. ಲಿಫ್ಟನ್ನು ಆಗಲೇ ಸೇರಿಸಿಬಿಡಿ ಅಂತ ಹಟ ಹಿಡಿಯಬಹುದಿತ್ತು. 'ಮುಂದಿನ ಹಂತ' ಅಂತ ಬರೆದದ್ದಕ್ಕೆ ಬಜೆಟ್ಟಿನಲ್ಲಿ ದುಡ್ಡಿನ ಶೀರ್ಷಿಕೆ ಇಲ್ಲ, ತಾರೀಕು ಇಲ್ಲ. ಇದನ್ನು ಯಾರಾದರೂ ಸಭೆಯಲ್ಲಿ ಕೇಳಬೇಕಿತ್ತು.

ಆದದ್ದು

ಜಾಯಿಂಟ್ ವಿಸಿಟ್‌ನಲ್ಲಿ ಪಾಲಿಕೆಯವರೂ ರೈಲ್ವೆಯವರೂ ಒಂದೇ ಜಾಗದಲ್ಲಿ ನಿಂತದ್ದು ದೊಡ್ಡ ವಿಷಯ. ಹುಡುಗಿ ಅಲ್ಲೇ ಟಿಪ್ಪಣಿ ಬರೆದು, ಯಾರು ಏನು ಒಪ್ಪಿದರು ಅಂತ ಮಾರನೆಯ ದಿನವೇ ಎರಡೂ ಕಚೇರಿಗೆ ಇಮೇಲ್ ಕಳಿಸಿದಳು. ಅದನ್ನು ಯಾರೂ ತಪ್ಪು ಅನ್ನಲಿಲ್ಲ. ಅಧಿಕೃತ ಮಿನಿಟ್ಸ್ ಬರುವ ಹೊತ್ತಿಗೆ ಎಲ್ಲರೂ ಅವಳ ಟಿಪ್ಪಣಿಯನ್ನೇ ತೋರಿಸಿ ಮಾತಾಡುತ್ತಿದ್ದರು.

ತಿದ್ದಿದ ನಕ್ಷೆ ಹೋಯಿತು, ಒಪ್ಪಿಗೆ ಬಂತು. ಆಮೇಲೆ ಹಳಿ ಮೇಲೆ ಹಾದುಹೋಗುವುದಕ್ಕೆ ರೈಲ್ವೆ ಕೇಳುವ ವೇ ಲೀವ್ ಶುಲ್ಕ ಯಾರು ಎಷ್ಟು ಕೊಡಬೇಕು ಅಂತ ಎರಡೂ ಕಡೆ ಪತ್ರ ಓಡಿತು. ಅದರಲ್ಲಿ ಕೆಲವು ತಿಂಗಳು ಹೋದವು. ಅಷ್ಟರಲ್ಲಿ ಗೋಖಲೆ ಸೇತುವೆಯ ಸುದ್ದಿ ನಗರ ತುಂಬಿತ್ತು. 2024ರ ಫೆಬ್ರವರಿಯಲ್ಲಿ ಅದರ ಒಂದು ಬದಿ ತೆರೆದಾಗ ಪಕ್ಕದ ಬರ್ಫಿವಾಲಾ ಫ್ಲೈಓವರಿಗೂ ಅದಕ್ಕೂ ಎತ್ತರ ಕೂಡಲಿಲ್ಲ. ಕಾರಣ ಅಲ್ಲೂ ಹಳಿ ಮೇಲಿನ ಎತ್ತರದ ಹೊಸ ಲೆಕ್ಕ. ನಮ್ಮವರು ಆ ಫೋಟೋಗಳನ್ನು ಎಂಜಿನಿಯರಿಗೆ ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು. ಸ್ವಲ್ಪ ಚುಚ್ಚುವ ಕೆಲಸ, ಆದರೆ ಫಲ ಕೊಟ್ಟಿತು. ನೆಲದ ಮಟ್ಟವನ್ನು ಎರಡು ಸಲ ಅಳೆದರು.

ಗರ್ಡರ್ ಇಟ್ಟದ್ದು 2025ರಲ್ಲಿ, ರೈಲು ನಿಲ್ಲಿಸಿ ಕೊಟ್ಟ ಒಂದು ರಾತ್ರಿಯ ಬ್ಲಾಕಿನಲ್ಲಿ. ಈಸ್ಟಿನ ಮೆಟ್ಟಿಲು ಮುಗಿಯಿತು. ವೆಸ್ಟಿನಲ್ಲಿ ಅಡಿಪಾಯಕ್ಕೆ ಅಗೆದಾಗ ಕೆಳಗೆ ಹಳೆಯ ನೀರಿನ ದೊಡ್ಡ ಪೈಪು ಸಿಕ್ಕಿತು. ಯಾವ ನಕ್ಷೆಯಲ್ಲೂ ಇರಲಿಲ್ಲ. ಕೆಲಸ ಶುರುಮಾಡುವ ಮೊದಲು ಟ್ರಯಲ್ ಪಿಟ್ ಅಗೆದು ನೋಡುವುದು ಪದ್ಧತಿ. ಟೆಂಡರಿನಲ್ಲಿ ಅದಕ್ಕೆ ದುಡ್ಡೂ ಇತ್ತು. ಈಸ್ಟಿನಲ್ಲಿ ಅಗೆದಿದ್ದರು, ವೆಸ್ಟಿನಲ್ಲಿ ಆಗ ಅಂಗಡಿಗಳಿದ್ದವು ಅಂತ ಬಿಟ್ಟಿದ್ದರು. ಅಂಗಡಿ ಹೋದ ಮೇಲೆ ಮತ್ತೆ ಅಗೆಯಲು ಯಾರೂ ಹೇಳಲಿಲ್ಲ. ಈಗ ಪೈಪು ಸರಿಸಲು ನೀರು ಸರಬರಾಜು ವಿಭಾಗ ನೀರು ನಿಲ್ಲಿಸಿ ಶಟ್‌ಡೌನ್ ಕೊಡಬೇಕು, ಅವರಿಗೆ ಖರ್ಚು ಸೇತುವೆ ವಿಭಾಗ ಕಟ್ಟಬೇಕು. ಎರಡೂ ಒಂದೇ ಪಾಲಿಕೆಯ ವಿಭಾಗಗಳು, ಒಂದೇ ಕಟ್ಟಡದಲ್ಲಿವೆ!

ಹಾಗಾಗಿ ಸದ್ಯ ಈಸ್ಟಿನಿಂದ ಹತ್ತಬಹುದು, ವೆಸ್ಟಿಗೆ ಇಳಿಯಲಾಗದು. ಹುಡುಗರು ಹತ್ತಿ ಹೋಗಿ ಸೆಲ್ಫಿ ತೆಗೆದುಕೊಂಡು ವಾಪಸ್ ಬರುತ್ತಾರೆ. ಹಳಿ ದಾಟುವುದು ಮೊದಲಿನ ಹಾಗೇ ನಡೆದಿದೆ. ಕನ್ನಡ ತರಗತಿಗೆ ಈಸ್ಟಿನ ಮಕ್ಕಳು ವಾಪಸ್ ಬಂದಿಲ್ಲ. ಬಿಟ್ಟು ಹೋದವರು ಈಗ ಬೇರೆ ಶಾಲೆಯಲ್ಲಿ ಮೇಲಿನ ತರಗತಿಗೆ ಹೋಗಿದ್ದಾರೆ, ಸೇತುವೆ ಆದರೂ ಬರುವುದಿಲ್ಲ ಅಂತ ಕನ್ನಡ ತರಗತಿಯ ಮೇಡಂ ಹೇಳುತ್ತಾರೆ.

ಬೇರೆಯವರು ಇದರಿಂದ ಏನು ತೆಗೆದುಕೊಳ್ಳಬಹುದು

ಈ ಪ್ರಕರಣದಲ್ಲಿ ದುಡ್ಡಿನ ಕೊರತೆಯಿಂದ ನಿಂತ ದಿನ ಬಹಳ ಕಡಿಮೆ. ಕಾನೂನಿನ ತೊಡಕೂ ದೊಡ್ಡದಲ್ಲ. ಎಲ್ಲ ಸಲವೂ ಕೆಲಸ ನಿಂತದ್ದು ಎರಡು ಕಚೇರಿಗಳ ನಡುವೆ, ಅಥವಾ ಒಂದೇ ಕಚೇರಿಯ ಎರಡು ವಿಭಾಗಗಳ ನಡುವೆ. ಅಲ್ಲಿ ಇಬ್ಬರೂ ನಿಜವನ್ನೇ ಹೇಳುತ್ತಾರೆ: 'ನಮ್ಮ ಕಡೆಯಿಂದ ಕಳಿಸಿದ್ದೇವೆ.' ಎಲ್ಫಿನ್‌ಸ್ಟನ್ ದುರಂತದ ನಂತರ ಸೇನೆ ಕೆಲವೇ ತಿಂಗಳಲ್ಲಿ, 2018ರ ಫೆಬ್ರವರಿಗೆ ಅಲ್ಲಿ ಪಾದಚಾರಿ ಸೇತುವೆ ಕಟ್ಟಿ ಕೊಟ್ಟಿತ್ತು. ಕಬ್ಬಿಣ ಜೋಡಿಸುವುದು ಕಷ್ಟದ ಕೆಲಸ ಅಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ.

ಅಧಿಕಾರಿಗಳು ಜನರ ದೂರನ್ನು ನೇರವಾಗಿ ಕೇಳುವ ಲೋಕಶಾಹಿ ದಿನಕ್ಕೆ ಹೋಗುವ ಯೋಚನೆ ಇದ್ದರೆ, ತಿಂಗಳ ಮೊದಲ ಸೋಮವಾರ ಸುಮ್ನೆ ಹೋದರೆ ಆಗುವುದಿಲ್ಲ, ಅರ್ಜಿ 15 ದಿನ ಮೊದಲೇ ಕೊಡಬೇಕು. ಕೆಳಗಿನ ಕಚೇರಿಯ ಉತ್ತರ ಕೈಯಲ್ಲಿರಬೇಕು. ನಮ್ಮವರು ಆ ದಾರಿಯನ್ನು ತಡವಾಗಿ ಹಿಡಿದರು. ಆದರೆ ಜಾಯಿಂಟ್ ವಿಸಿಟ್ ಗೊತ್ತಾದದ್ದು ಅಲ್ಲೇ, ಎರಡು ಆರ್‌ಟಿಐ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದ್ದರಿಂದ.

ಈಗಿನ ಅರ್ಜಿ ನೀರು ಸರಬರಾಜು ವಿಭಾಗಕ್ಕೂ ಸೇತುವೆ ವಿಭಾಗಕ್ಕೂ ಒಂದೇ ದಿನ ಹೋಗಿದೆ. ಹುಡುಗಿ ಈಗ ಸಿಎ ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ, ಆದರೂ ಅರ್ಜಿ ಅವಳದ್ದೇ. ಕೇಳಿರುವುದು ಇಷ್ಟು: ಪೈಪ್ ಸರಿಸುವ ಅಂದಾಜು ಪಟ್ಟಿಯ ಪ್ರತಿ, ಅದನ್ನು ಯಾರು ಯಾವ ತಾರೀಕಿಗೆ ಯಾರಿಗೆ ಕಳಿಸಿದರು, ಖರ್ಚು ಕಟ್ಟಿದ ರಸೀದಿ, ಶಟ್‌ಡೌನ್ ಕೋರಿದ ಪತ್ರ, ವೆಸ್ಟಿನಲ್ಲಿ ಟ್ರಯಲ್ ಪಿಟ್ ಅಗೆದ ದಾಖಲೆ. ಕೊನೆಗೆ ಒಂದು ಸಾಲು, ಲಿಫ್ಟಿಗೆ ಬಜೆಟ್ಟಿನಲ್ಲಿ ಯಾವ ಶೀರ್ಷಿಕೆಯಲ್ಲಿ ದುಡ್ಡಿಟ್ಟಿದ್ದಾರೆ ಅನ್ನುವುದರ ಪ್ರತಿ. ಈ ಸಾಲನ್ನು ಸೇರಿಸಿದ್ದು ಶೆಟ್ಟರು, ಆ ತಾಯಿಯ ಮನೆಗೆ ಹೋಗಿ ಮಾತಾಡಿ ಬಂದ ಮೇಲೆ. 'ಒಂದೇ ವಿಷಯ' ಅನ್ನುವ ನಿಯಮಕ್ಕೆ ಇದು ಹೊಂದುತ್ತದೋ ಇಲ್ಲವೋ ಅಂತ ಕಾರ್ಯದರ್ಶಿಗಳಿಗೆ ಅನುಮಾನವಿತ್ತು, ಆದರೂ ಬಿಟ್ಟರು. 30 ದಿನ ಮುಗಿಯಿತು, ಸೇತುವೆ ವಿಭಾಗದಿಂದ ಉತ್ತರ ಬಂದಿದೆ, ನೀರಿನವರಿಂದ ಇಲ್ಲ. ಮೊದಲ ಮೇಲ್ಮನವಿ ಹಾಕಿದ್ದಾರೆ.